ಎಂಜಿನ್ ಕಾದಾಗ ಮೊದಲ ದುಡ್ಡು ಯಾವುದಕ್ಕೆ?

ಹಳೆಯ ಟೂರಿಂಗ್ ಬೈಕಿನಲ್ಲಿ ಟೈರು, ಚೈನು, ಬ್ರೇಕ್ ಪ್ಯಾಡಿನ ಖರ್ಚು ಸುಲಭದ ಲೆಕ್ಕ. ಸವೆದದ್ದು ಕಣ್ಣಿಗೆ ಕಾಣುತ್ತದೆ, ಬೆಲೆ ಗೊತ್ತಿರುತ್ತದೆ, ಹಾಕಿಸಿದರೆ ಮುಗಿಯಿತು. ಎಂಜಿನ್ ವಿಪರೀತ ಕಾಯುವ ದೂರು ಹಾಗಲ್ಲ. ಮೀಟರಿನಲ್ಲಿ ಹೊತ್ತಿಕೊಳ್ಳುವ ಕೆಂಪು ದೀಪ ಒಂದೇ. ಅದರ ಹಿಂದಿನ ಕಾರಣ ಫ್ಯೂಸ್ ಆಗಿದ್ದರೆ ಹತ್ತಿಪ್ಪತ್ತು ರೂಪಾಯಿ, ರೇಡಿಯೇಟರ್ ಮುಚ್ಚಳ ಆಗಿದ್ದರೆ ನೂರರ ಲೆಕ್ಕ, ಥರ್ಮೋಸ್ಟಾಟೋ ವಾಟರ್ ಪಂಪೋ ಆಗಿದ್ದರೆ ಸಾವಿರದ ಲೆಕ್ಕ, ಹೆಡ್ ಗ್ಯಾಸ್ಕೆಟ್ ಹೋಗಿ ಸಿಲಿಂಡರ್ ಹೆಡ್ ಸೊಟ್ಟಗಾಗಿದ್ದರೆ ಹತ್ತಾರು ಸಾವಿರ. ಒಂದೇ ದೂರಿಗೆ ಇಷ್ಟು ಅಗಲದ ಬೆಲೆಪಟ್ಟಿ ಇರುವ ರಿಪೇರಿ ಬೈಕಿನಲ್ಲಿ ಇನ್ನೊಂದಿಲ್ಲ. ಆದ್ದರಿಂದಲೇ ಹಳೆಯ ಬೈಕು ಸಾಕುತ್ತಾ, ಅದರ ಬಿಲ್ಲುಗಳನ್ನು ಎತ್ತಿಟ್ಟುಕೊಳ್ಳುತ್ತಾ ಬಂದವನಾಗಿ ನನ್ನ ನಿಲುವು ಇದು: ಎಂಜಿನ್ ಕಾದಾಗ ಮೊದಲ ದುಡ್ಡು ಬಿಡಿಭಾಗಕ್ಕೆ ಹೋಗಬಾರದು, ಕಾರಣ ಪತ್ತೆ ಮಾಡುವ ಕೆಲಸಕ್ಕೆ ಹೋಗಬೇಕು. ನಮ್ಮಲ್ಲಿ ಪತ್ತೆಗೆ ದುಡ್ಡು ಕೊಡುವ ಅಭ್ಯಾಸವೇ ಇಲ್ಲ. ಬಿಲ್ಲು ಬೆಳೆಯುವುದು ಅಲ್ಲಿಂದಲೇ.

ನಾನು ಹೇಳುತ್ತಿರುವುದು ಕೂಲಂಟ್ ಇರುವ ಬೈಕುಗಳ ಮಾತು. 2011ರಲ್ಲಿ ನಮ್ಮ ದೇಶದ ರಸ್ತೆಗಿಳಿದ ಹೋಂಡಾ ಸಿಬಿಆರ್ 250ಆರ್, 2016ರ ಕೊನೆಗೆ ಬಂದ ಬಜಾಜ್ ಡಾಮಿನಾರ್ 400, ಇಂಥವು ಈಗ ಎರಡನೆಯ, ಮೂರನೆಯ ಮಾಲೀಕರ ಕೈಯಲ್ಲಿವೆ. ಉದ್ದದ ಪ್ರಯಾಣ ಇಷ್ಟಪಡುವ, ಹೊಸ ಬೈಕಿನ ಇಎಂಐ ಬೇಡವೆನ್ನುವ ಹುಡುಗರು ಇವನ್ನೇ ಹುಡುಕಿಕೊಂಡು ಬರುತ್ತಾರೆ. ಗಾಳಿಯಿಂದಲೇ ತಣ್ಣಗಾಗುವ ಹಳೆಯ ಬುಲೆಟ್‌ನ ಕಥೆ ಬೇರೆ. ಪೆಟ್ರೋಲಿನಲ್ಲಿರುವ ಶಕ್ತಿಯಲ್ಲಿ ಚಕ್ರ ತಿರುಗಿಸಲು ಸಿಗುವುದು ಹೆಚ್ಚೆಂದರೆ ಮೂರರಲ್ಲೊಂದು ಪಾಲು. ಉಳಿದದ್ದೆಲ್ಲ ಶಾಖ. ಅದರಲ್ಲಿ ಸೈಲೆನ್ಸರ್ ಹೊತ್ತೊಯ್ಯುವುದು ಹೋಗಿ ಉಳಿದದ್ದರಲ್ಲಿ ದೊಡ್ಡ ಭಾಗವನ್ನು ಕೂಲಂಟ್ ರೇಡಿಯೇಟರಿಗೆ ತಂದು ಗಾಳಿಗೆ ಬಿಡಬೇಕು. ನೀರು, ಗ್ಲೈಕಾಲ್ ಅರ್ಧರ್ಧ ಬೆರೆತ ಕೂಲಂಟ್ ತೆರೆದ ಪಾತ್ರೆಯಲ್ಲಿ ಸುಮಾರು 107 ಡಿಗ್ರಿಗೆ ಕುದಿಯುತ್ತದೆ. ರೇಡಿಯೇಟರ್ ಮುಚ್ಚಳ ಸುಮಾರು 1.1 ಬಾರ್ ಒತ್ತಡ ಹಿಡಿದಿಟ್ಟುಕೊಂಡರೆ ಅದೇ ದ್ರವ 120 ಡಿಗ್ರಿ ದಾಟಿದರೂ ಕುದಿಯುವುದಿಲ್ಲ. ಅಂದರೆ ಎಂಜಿನ್ನನ್ನು ಕುದಿತದಿಂದ ಕಾಯುತ್ತಿರುವುದು ಅಗ್ಗದ, ಯಾರೂ ತಿರುಗಿ ನೋಡದ ಒಂದು ಮುಚ್ಚಳ ಮತ್ತು ಅದರೊಳಗಿನ ರಬ್ಬರ್ ಬಳೆ. ಹತ್ತು ವರ್ಷ ಬಿಸಿಯಲ್ಲಿ ಬೆಂದ ರಬ್ಬರು ಗಟ್ಟಿಯಾಗಿ ಬಿರುಕು ಬಿಟ್ಟಿರುತ್ತದೆ. ದುಬಾರಿ ಭಾಗದ ಮೇಲೆ ಅನುಮಾನ ಪಡುವ ಮೊದಲು ಇದನ್ನು ನೋಡಬೇಕೆಂಬುದು ಸಾಮಾನ್ಯ ತರ್ಕ.

ಪತ್ತೆಯ ಅರ್ಧ ಕೆಲಸಕ್ಕೆ ಕಾಸೇ ಬೇಡ, ಗಮನ ಇದ್ದರೆ ಸಾಕು. ಬೈಕು ಯಾವಾಗ ಕಾಯುತ್ತದೆ? ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಮಾತ್ರ ಕಾದು, ರಸ್ತೆ ಬಿಚ್ಚಿಕೊಂಡ ಕೂಡಲೇ ಇಳಿಯುತ್ತದೆಯಾದರೆ ಗಾಳಿಯ ಕೊರತೆ. ಅನುಮಾನ ಫ್ಯಾನಿನ ಮೇಲೆ, ಅದರ ಫ್ಯೂಸು, ರಿಲೇ, ಶಾಖ ಅಳೆಯುವ ಸೆನ್ಸರಿನ ಮೇಲೆ. ನಗರದಲ್ಲಿ ಸುಮ್ಮನಿದ್ದು ಚಾರ್ಮಾಡಿಯನ್ನೋ ಶಿರಾಡಿಯನ್ನೋ ಹತ್ತುವಾಗ, ಇಲ್ಲವೇ ಹೆದ್ದಾರಿಯಲ್ಲಿ ಸತತ ವೇಗದಲ್ಲಿ ಹೋಗುವಾಗ ಏರುತ್ತದೆಯಾದರೆ ಫ್ಯಾನು ನಿರಪರಾಧಿ. ಆ ವೇಗದಲ್ಲಿ ಗಾಳಿ ತಾನಾಗಿ ನುಗ್ಗುತ್ತಿರುತ್ತದೆ. ಅಲ್ಲಿ ನೋಡಬೇಕಾದ್ದು ಕೂಲಂಟ್ ಮಟ್ಟ, ಒಳಗೆ ಕಟ್ಟಿಕೊಂಡ ರೇಡಿಯೇಟರ್, ಪೂರ್ತಿ ತೆರೆಯದ ಥರ್ಮೋಸ್ಟಾಟ್, ಪಂಪು. ಬೆಳಗ್ಗೆ ಸ್ಟಾರ್ಟ್ ಮಾಡಿದ ನಾಲ್ಕೈದು ನಿಮಿಷಕ್ಕೇ ಏರಿಬಿಟ್ಟರೆ ಥರ್ಮೋಸ್ಟಾಟ್ ಮುಚ್ಚಿಕೊಂಡಂತೆಯೇ ಅಂಟಿರಬಹುದು, ಕೂಲಂಟ್ ಬದಲಿಸಿದವರು ಒಳಗಿನ ಗಾಳಿಯನ್ನು ಹೊರಹಾಕದೆ ಬಿಟ್ಟಿರಬಹುದು, ಅಥವಾ ಹೆಡ್ ಗ್ಯಾಸ್ಕೆಟ್ ಸೀಳಿ ಉರಿದ ಗಾಳಿ ಕೂಲಂಟಿಗೆ ನುಗ್ಗುತ್ತಿರಬಹುದು. ಈ ಮೂರು ಬಗೆಯನ್ನು ಬೇರ್ಪಡಿಸಿ ಗ್ಯಾರೇಜಿನಲ್ಲಿ ಹೇಳುವ ಗಿರಾಕಿಗೂ, ‘ಗಾಡಿ ಹೀಟ್ ಆಗ್ತಿದೆ, ನೋಡಿ’ ಎಂದು ಕೀ ಕೊಟ್ಟು ಹೋಗುವ ಗಿರಾಕಿಗೂ ಬರುವ ಬಿಲ್ಲಿನಲ್ಲಿ ವ್ಯತ್ಯಾಸ ಇದ್ದೇ ಇರುತ್ತದೆ.

ಇನ್ನರ್ಧ ಕೆಲಸವೂ ಬಲು ಸಣ್ಣದು. ಬೈಕು ಪೂರ್ತಿ ತಣ್ಣಗಿರುವಾಗ ರಿಸರ್ವ್ ಡಬ್ಬಿಯ ಮೇಲೆ ಕೂಲಂಟ್ ನಿಂತಿರುವ ಮಟ್ಟಕ್ಕೆ ಪೆನ್ನಿನಿಂದ ಒಂದು ಗೀಟು ಎಳೆಯಿರಿ. ಓಡಿಸಿ ಬಂದ ಕೂಡಲೇ ನೋಡಿ, ಮಟ್ಟ ಗೀಟಿನ ಮೇಲೆ ಏರಿರಬೇಕು. ರಾತ್ರಿ ಕಳೆದು ಬೆಳಗ್ಗೆ ನೋಡಿದರೆ ಮತ್ತೆ ಗೀಟಿಗೆ ಬಂದಿರಬೇಕು. ಬಿಸಿಗೆ ಹಿಗ್ಗಿದ ಕೂಲಂಟ್ ಡಬ್ಬಿಗೆ ಬಂದು, ತಣಿದಾಗ ಮುಚ್ಚಳದ ನಡುವಿನ ಪುಟ್ಟ ವಾಲ್ವಿನ ಮೂಲಕ ರೇಡಿಯೇಟರಿಗೆ ಹಿಂತಿರುಗುವುದು ಸರಿಯಾದ ಕ್ರಮ. ಏರಿದ್ದು ಇಳಿಯದಿದ್ದರೆ ಮೊದಲ ಅನುಮಾನ ಮುಚ್ಚಳದ ಮೇಲೆ. ಎಂಜಿನ್ ಓಡುವಾಗ ಡಬ್ಬಿಯಲ್ಲಿ ಗುಳ್ಳೆ ನಿಲ್ಲದೆ ಏಳುತ್ತಿದ್ದರೆ ಗ್ಯಾಸ್ಕೆಟ್ ಕಡೆ ನೋಡಬೇಕು. ಅದನ್ನು ಖಚಿತಪಡಿಸಲು ಉರಿದ ಗಾಳಿ ತಾಗಿದರೆ ನೀಲಿಯಿಂದ ಹಳದಿಗೆ ತಿರುಗುವ ಪರೀಕ್ಷಾ ದ್ರವವೇ ಇದೆ, ಎಂಜಿನ್ ಬಿಚ್ಚಬೇಕಿಲ್ಲ. ಫ್ಯಾನಿಗೆ ಬ್ಯಾಟರಿಯಿಂದ ನೇರ ಎರಡು ವೈರ್ ಕೊಟ್ಟರೆ ಮೋಟಾರು ಬದುಕಿದೆಯೋ ಇಲ್ಲವೋ ಗೊತ್ತಾಗುತ್ತದೆ. ಥರ್ಮೋಸ್ಟಾಟನ್ನು ಬಿಚ್ಚಿ ಪಾತ್ರೆಯ ನೀರಿನಲ್ಲಿ ತೂಗುಬಿಟ್ಟು ಕಾಯಿಸಿದರೆ, ಸಾಮಾನ್ಯವಾಗಿ 80 ಡಿಗ್ರಿಯ ಆಸುಪಾಸಿನಲ್ಲಿ ಅದರ ಬಾಯಿ ತೆರೆದುಕೊಳ್ಳುವುದು ಕಣ್ಣಿಗೇ ಕಾಣುತ್ತದೆ. ರೇಡಿಯೇಟರಿನ ರೆಕ್ಕೆಗಳ ನಡುವೆ ಟಾರ್ಚ್ ಬಿಟ್ಟು ನೋಡಿದರೆ ಬೆಳಕು ಆಚೆ ಕಾಣಬೇಕು. ಮುಂದಿನ ಚಕ್ರ ಎರಚಿದ ಕೆಸರು ಒಣಗಿ ಗಾರೆಯಂತೆ ಕೂತಿದ್ದರೆ ಕಾಣುವುದಿಲ್ಲ. ವಾಟರ್ ಸರ್ವಿಸ್ ಅಂಗಡಿಯಲ್ಲಿ ಹತ್ತಿರದಿಂದ ಹೊಡೆಯುವ ಜೋರು ನೀರು ಆ ತೆಳು ರೆಕ್ಕೆಗಳನ್ನು ಮಡಚಿ ಹಾಕುತ್ತದೆ ಎಂಬುದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಇದೆಲ್ಲ ಸೇರಿ ತಿಳಿದ ಮೆಕ್ಯಾನಿಕ್‌ಗೆ ಅರ್ಧ ದಿನದ ಕೆಲಸ. ಬಿಸಿ ಇರುವಾಗ ರೇಡಿಯೇಟರ್ ಮುಚ್ಚಳಕ್ಕೆ ಮಾತ್ರ ಕೈ ಹಾಕಬೇಡಿ, ಚಿಮ್ಮುವ ಕೂಲಂಟ್ ಮುಖ ಸುಡುತ್ತದೆ.

ಈಗ ಊಹೆಯ ರಿಪೇರಿಯ ಲೆಕ್ಕ ನೋಡೋಣ. ಅಂಕಿಗಳು ವಿವರಣೆಗಾಗಿ ಇಟ್ಟುಕೊಂಡವು. ನಿಮ್ಮ ಬೈಕಿನ ನಿಜವಾದ ಬೆಲೆ ಹಾಕಿಕೊಳ್ಳಿ. ಮೊದಲು ಕೂಲಂಟ್ ಬದಲು ಎಂದು 800, ದೂರು ಹೋಗಲಿಲ್ಲ. ಥರ್ಮೋಸ್ಟಾಟ್ ಎಂದು 2,000, ಹೋಗಲಿಲ್ಲ. ಪಂಪು ಎಂದು 4,000, ಆಗಲೂ ಹೋಗಲಿಲ್ಲ. ಕೊನೆಗೆ ಮುಚ್ಚಳ 500ಕ್ಕೆ ಬದಲಿಸಿದಾಗ ಸರಿಹೋಯಿತು ಎಂದುಕೊಂಡರೆ ಒಟ್ಟು 7,300. ಪತ್ತೆಗೆಂದೇ 1,000 ಕೊಟ್ಟಿದ್ದರೆ 1,500ಕ್ಕೆ ಮುಗಿಯುತ್ತಿತ್ತು. ಇದಕ್ಕಿಂತ ದೊಡ್ಡ ನಷ್ಟ ಬಿಲ್ಲಿನಲ್ಲಿ ಕಾಣದು: ಪ್ರತಿ ತಪ್ಪು ಊಹೆಯ ನಂತರವೂ ‘ಈಗ ಸರಿಯಾಗಿದೆ’ ಎಂಬ ನಂಬಿಕೆಯಲ್ಲಿ ಬೈಕು ಮತ್ತೆ ಘಟ್ಟ ಹತ್ತುತ್ತದೆ, ಮತ್ತೆ ಕಾಯುತ್ತದೆ. ಅಲ್ಯೂಮಿನಿಯಂ ಹೆಡ್ ಸೊಟ್ಟಗಾಗುವುದು ಇಂಥ ಎರಡನೆಯ, ಮೂರನೆಯ ಸಲದ ಕಾವಿನಲ್ಲಿ. ಅಲ್ಲಿಗೆ ನೂರರ ರಿಪೇರಿ ಲೇತ್ ಅಂಗಡಿಯ ರಿಪೇರಿಯಾಗುತ್ತದೆ. ವಿಮೆ ಇದೆಯಲ್ಲ ಎನ್ನಬೇಡಿ. ಸಾಮಾನ್ಯ ಮೋಟಾರು ಪಾಲಿಸಿ ಸವೆತವನ್ನೂ ಯಾಂತ್ರಿಕ ಕೆಡುಕನ್ನೂ ಭರಿಸುವುದಿಲ್ಲ. ಕೆಂಪು ದೀಪ ಹೊತ್ತಿದ ಮೇಲೂ ಓಡಿಸಿ ಎಂಜಿನ್ ಹಾಳಾದರೆ ಆ ಖರ್ಚು ಪೂರ್ತಿ ನಿಮ್ಮದೇ. ದೀಪ ಹೊತ್ತಿದ ಜಾಗದಿಂದ ಟೆಂಪೋದಲ್ಲಿ ಹಾಕಿಸಿಕೊಂಡು ಬರುವುದು ಎಷ್ಟೇ ಕಿರಿಕಿರಿ ಎನಿಸಿದರೂ ಲೆಕ್ಕದಲ್ಲಿ ಅದೇ ಅಗ್ಗ.

ಇದಕ್ಕೆ ಮೊದಲ ಆಕ್ಷೇಪ, ನಮ್ಮ ಮೆಕ್ಯಾನಿಕ್ ಪತ್ತೆಗೆ ಒಂದು ಪೈಸೆಯೂ ಕೇಳುವುದಿಲ್ಲ, ಹಾಗಿರುವಾಗ ನಾವಾಗಿ ಏಕೆ ಕೊಡಬೇಕು ಎಂಬುದು. ನಿಜ, ಕೇಳುವುದಿಲ್ಲ. ಆತನ ಬದುಕು ನಡೆಯುವುದು ಬಿಡಿಭಾಗ ಹಾಕುವ ಕೂಲಿಯಲ್ಲಿ. ಎರಡು ಗಂಟೆ ಕೂತು ಫ್ಯೂಸು ಹುಡುಕಿದರೆ ಆತನಿಗೆ ಸಿಗುವುದು ಇಪ್ಪತ್ತು ರೂಪಾಯಿ ಮತ್ತು ಥ್ಯಾಂಕ್ಸ್. ಅರ್ಧ ಗಂಟೆಯಲ್ಲಿ ಪಂಪು ಬದಲಿಸಿದರೆ ಕೂಲಿ ಖಾತ್ರಿ. ಇದರಲ್ಲಿ ಮೋಸವೇನೂ ಇಲ್ಲ. ಹುಡುಕುವುದಕ್ಕೆ ಬೆಲೆ ಇಲ್ಲದ ಕಡೆ ಯಾರೂ ಹುಡುಕುವುದಿಲ್ಲ, ಅಷ್ಟೇ. ವೈದ್ಯರಿಗೆ ಫೀಸು ಕೊಟ್ಟು, ಔಷಧಿಗೆ ಬೇರೆ ದುಡ್ಡು ಕೊಡುವವರು ನಾವು. ಗ್ಯಾರೇಜಿನಲ್ಲಿ ಮಾತ್ರ ಫೀಸು ಔಷಧಿಯ ಬೆಲೆಯಲ್ಲೇ ಸೇರಿಹೋಗಲಿ ಎನ್ನುತ್ತೇವೆ. ‘ಅಣ್ಣಾ, ಏನೂ ಬದಲಿಸದಿದ್ದರೂ ಪರವಾಗಿಲ್ಲ, ಕಾರಣ ಹುಡುಕಿ ಹೇಳಿ, ಇಷ್ಟು ಕೊಡ್ತೀನಿ’ ಎಂದು ಮೊದಲೇ ಮಾತಾಡಿಕೊಂಡರೆ ಆತನ ಕೆಲಸದ ರೀತಿಯೇ ಬದಲಾಗುತ್ತದೆ. ಹೀಗೆ ಕೇಳಿದ ಮೇಲೂ ‘ಅದೆಲ್ಲ ಬೇಡ, ಪಂಪು ಹಾಕಿಬಿಡೋಣ’ ಎನ್ನುವವನ ಬಳಿಯಿಂದ ಬೈಕು ತರುವುದು ವಾಸಿ.

ಎರಡನೆಯ ಆಕ್ಷೇಪಕ್ಕೆ ತೂಕ ಹೆಚ್ಚು. ಮಾರಿದರೆ ಐವತ್ತು ಸಾವಿರವೂ ಬಾರದ ಗಾಡಿಗೆ ಇಷ್ಟೆಲ್ಲ ಏಕೆ? ಇಲ್ಲಿ ಹೋಲಿಕೆಯೇ ತಪ್ಪಿದೆ ಎನ್ನುತ್ತೇನೆ. ರಿಪೇರಿ ಖರ್ಚನ್ನು ಬೈಕಿನ ಮಾರಾಟ ಬೆಲೆಯ ಪಕ್ಕದಲ್ಲಿಟ್ಟು ನೋಡಿದರೆ ಯಾವ ಹಳೆಯ ವಾಹನದ ಯಾವ ರಿಪೇರಿಯೂ ಲಾಭದಾಯಕ ಎನಿಸುವುದಿಲ್ಲ. ಇಡಬೇಕಾದ್ದು ಅದೇ ಕೆಲಸ ಮಾಡುವ ಇನ್ನೊಂದು ಬೈಕನ್ನು ತರುವ ಖರ್ಚಿನ ಪಕ್ಕದಲ್ಲಿ. 2025ರ ಸೆಪ್ಟೆಂಬರ್ 22ರಿಂದ 350 ಸಿಸಿ ಮೀರಿದ ಹೊಸ ಬೈಕಿಗೆ ಜಿಎಸ್‌ಟಿ ಶೇ 40. ಅದರ ಮೇಲೆ ನಮ್ಮ ರಾಜ್ಯದ ಜೀವಿತಾವಧಿ ತೆರಿಗೆ, ಒಮ್ಮೆಗೇ 5 ವರ್ಷದ ಥರ್ಡ್ ಪಾರ್ಟಿ ವಿಮೆ, ಸಾಲ ಮಾಡಿದರೆ ಬಡ್ಡಿ. ಸೆಕೆಂಡ್ ಹ್ಯಾಂಡ್ ತರುತ್ತೇನೆ ಎಂದರೆ ಇನ್ನೊಬ್ಬರ ಬಚ್ಚಿಟ್ಟ ಕಾಯಿಲೆಯನ್ನು ಕೊಂಡು ತರುವ ಸಾಧ್ಯತೆ. ನಿಮ್ಮ ಬೈಕಿನ ಕಾಯಿಲೆ ನಿಮಗೆ ಗೊತ್ತಾದರೂ ಇದೆ. ಆದರೆ ಆಕ್ಷೇಪದಲ್ಲಿ ಒಪ್ಪಬೇಕಾದ ಭಾಗವೂ ಇದೆ. 2011ರ ಬೈಕಿಗೆ 2026ಕ್ಕೆ 15 ವರ್ಷ ತುಂಬುತ್ತದೆ, ನೋಂದಣಿ ನವೀಕರಿಸಬೇಕು, ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಅದೇ ಓಡಾಟ. ಕಂಪನಿ ಮಾರಾಟ ನಿಲ್ಲಿಸಿದ ಮಾಡೆಲ್ಲಿನ ಬಿಡಿಭಾಗ ವರ್ಷದಿಂದ ವರ್ಷಕ್ಕೆ ವಿರಳವಾಗುತ್ತದೆ. ಹಾಗಾಗಿ ಮಿತಿ ಬೇಕು. ಪತ್ತೆಯಲ್ಲಿ ಹೆಡ್ಡು ಸೊಟ್ಟಗಾಗಿದೆ, ಸಿಲಿಂಡರ್ ಗೀರುಬಿದ್ದಿದೆ ಎಂದು ಖಚಿತವಾದರೆ, ಆ ರಿಪೇರಿಯ ಮೊತ್ತ ಬೈಕು ಇನ್ನು ಓಡಬಹುದಾದ ವರ್ಷಗಳಿಗೆ ಹಂಚಿದಾಗ ಹೊಸ ಬೈಕಿನ ವರ್ಷದ ಖರ್ಚಿನ ಹತ್ತಿರ ಬರುತ್ತಿದ್ದರೆ, ಕೈಬಿಡುವುದೇ ಸರಿ. ಗಮನಿಸಿ, ಆ ನಿರ್ಧಾರಕ್ಕೂ ಬೇಕಾದ್ದು ಪತ್ತೆಯೇ. ಮಾರುವಾಗ ದೋಷವನ್ನು ಹೇಳಿಯೇ ಮಾರಿ.

ಮೂರನೆಯದು ಜುಗಾಡ್ ಪಂಥ. ಥರ್ಮೋಸ್ಟಾಟ್ ಕಿತ್ತೆಸೆ, ಫ್ಯಾನಿಗೆ ಸ್ವಿಚ್ ಹಾಕು, ಕೂಲಂಟ್ ಬದಲು ನೀರು ಸುರಿ. ದಾರಿಯಲ್ಲಿ ಸಿಕ್ಕಿಕೊಂಡವನಿಗೆ ಸ್ವಿಚ್ಚು ಮನೆ ಸೇರಿಸಬಹುದು, ಬೇಡವೆನ್ನಲಾರೆ. ಆದರೆ ಅದೇ ಕಾಯಂ ಆದರೆ ಮೂಲ ದೋಷ ಮುಚ್ಚಿಹೋಗುತ್ತದೆ, ಆರಿಸಲು ಮರೆತ ದಿನ ಬ್ಯಾಟರಿ ಸಾಯುತ್ತದೆ. ಥರ್ಮೋಸ್ಟಾಟ್ ಇಲ್ಲದ ಎಂಜಿನ್ ತನ್ನ ಶಾಖಕ್ಕೆ ಬರಲು ತಡವಾಗುತ್ತದೆ. ಅಲ್ಲಿಯವರೆಗೆ ಎಂಜಿನ್ ಇನ್ನೂ ತಣ್ಣಗಿದೆ ಎಂದು ಎಂಜಿನ್ನಿನ ಕಂಪ್ಯೂಟರ್ (ಇಸಿಯು) ಹೆಚ್ಚು ಪೆಟ್ರೋಲ್ ಸುರಿಯುತ್ತಲೇ ಇರುತ್ತದೆ. ಉಳಿಸಿದ ಬಿಡಿಭಾಗದ ಹಣ ಬಂಕಿಗೆ ಹೋಗುತ್ತದೆ. ನೀರಿನ ವಿಷಯವಂತೂ ನಮ್ಮ ಕಡೆಯವರು ಬಲ್ಲರು: ಬೆಂಗಳೂರು, ಕೋಲಾರದ ಬೋರ್‌ವೆಲ್ ನೀರು ಗೀಸರಿನೊಳಗೆ ಕಟ್ಟುವ ಬಿಳಿ ಪದರವೇ ರೇಡಿಯೇಟರಿನ ಸಣ್ಣ ನಾಳಗಳಲ್ಲೂ ಕಟ್ಟುತ್ತದೆ, ಜೊತೆಗೆ ಅಲ್ಯೂಮಿನಿಯಂ ತಿನ್ನುವುದನ್ನು ತಡೆಯುವ ರಾಸಾಯನಿಕ ಅದರಲ್ಲಿಲ್ಲ. ಕೂಲಂಟಿನಲ್ಲಿ ಉಳಿಸಿದ ಕೆಲವು ನೂರು ರೂಪಾಯಿ ಹೊಸ ರೇಡಿಯೇಟರಿನ ಮುಂಗಡ.

ಟೂರಿಂಗ್ ಬೈಕಿನವರಿಗೆ ಇನ್ನೊಂದು ಮಾತು. ಕ್ರಾಶ್ ಗಾರ್ಡಿಗೆ ಕಟ್ಟಿದ ಬ್ಯಾಗು, ಮುಂದೆ ತೂಗುವ ದೀಪಗಳು, ರೇಡಿಯೇಟರಿಗೆ ಹೊಂದದ ಅಗ್ಗದ ಜಾಲರಿ ಗಾಳಿಯನ್ನು ತಡೆಯುತ್ತವೆ. ಹೆಚ್ಚುವರಿ ದೀಪಗಳು ಕರೆಂಟನ್ನೂ ಎಳೆದುಕೊಳ್ಳುತ್ತವೆ, ಬ್ಯಾಟರಿ ಸೊರಗಿದ್ದರೆ ಫ್ಯಾನು ನಿಧಾನ ತಿರುಗುತ್ತದೆ. ಇವನ್ನೆಲ್ಲ ಒಂದು ದಿನ ಕಳಚಿಟ್ಟು ಓಡಿಸಿ ನೋಡುವುದಕ್ಕೆ ಖರ್ಚೇ ಇಲ್ಲ. ಆಮೇಲೂ ಕಾದರೆ ಗ್ಯಾರೇಜಿಗೆ ಹೋಗಿ, ಬಿಲ್ಲಿನಲ್ಲಿ ಪತ್ತೆಯ ಕೂಲಿಯನ್ನು ಬೇರೆ ಸಾಲಿನಲ್ಲಿ ಬರೆಸಿ, ಬದಲಿಸಿದ ಹಳೆಯ ಭಾಗವನ್ನು ಕೇಳಿ ಮನೆಗೆ ತನ್ನಿ. ಆ ಸಾಲಿನ ಮೊತ್ತದಲ್ಲಿ ಮಾತ್ರ ಚೌಕಾಸಿ ಮಾಡಬೇಡಿ.