ದಾರಿ ತೋರಿಸುವುದು ಕಾರೋ, ಫೋನೋ?

ಶೋರೂಮಿನವರು ‘ಇದರಲ್ಲಿ ನ್ಯಾವಿಗೇಶನ್ ಇದೆ’ ಎಂದಾಗ ಒಂದು ಪ್ರಶ್ನೆ ಕೇಳಿ: ನಕ್ಷೆ ಕಾರಿನೊಳಗೇ ಇದೆಯೋ, ಫೋನಿನಿಂದ ಬರುತ್ತದೋ? ಆ್ಯಂಡ್ರಾಯ್ಡ್ ಆಟೋ ಅಥವಾ ಕಾರ್‌ಪ್ಲೇ ಎಂದರೆ, ದಾರಿ ಹುಡುಕುವುದೆಲ್ಲ ಫೋನೇ. ಕಾರಿನದು ಪರದೆ ಮಾತ್ರ.

ನಾವು ಎಲ್ಲಿದ್ದೇವೆಂದು ತಿಳಿಯಲು ಇಂಟರ್‌ನೆಟ್ ಬೇಕಿಲ್ಲ. ಸುಮಾರು 20,200 ಕಿ.ಮೀ. ಎತ್ತರದಲ್ಲಿರುವ ಜಿಪಿಎಸ್ ಉಪಗ್ರಹಗಳಲ್ಲಿ ನಾಲ್ಕು ಸಿಕ್ಕರೆ ಸಾಕು. ಇಂಟರ್‌ನೆಟ್ ಬೇಕಾಗುವುದು ನಕ್ಷೆಗೆ, ಮುಂದಿನ ಟ್ರಾಫಿಕ್ ತಿಳಿಯುವುದಕ್ಕೆ. ಶಿರಾಡಿ ಘಾಟಿ ಇಳಿಯುವಾಗ ನೆಟ್‌ವರ್ಕ್ ಕೈಕೊಟ್ಟರೆ ನೀಲಿ ಚುಕ್ಕೆ ಚಲಿಸುತ್ತಲೇ ಇರುತ್ತದೆ, ಸುತ್ತಲಿನ ರಸ್ತೆಗಳು ಮಾತ್ರ ಮಾಯವಾಗಬಹುದು. ಹೊರಡುವ ಮುನ್ನ ಮನೆಯ ವೈಫೈಯಲ್ಲಿ ಆ ಭಾಗದ ನಕ್ಷೆ ಇಳಿಸಿಕೊಂಡರೆ ಈ ತಲೆನೋವಿಲ್ಲ.

ಕಾರಿನೊಳಗೇ ನಕ್ಷೆಯಿರುವ ವ್ಯವಸ್ಥೆಗೆ ಆ ಚಿಂತೆಯೂ ಇಲ್ಲ. ಅನೇಕ ಕಾರುಗಳಲ್ಲಿ ಅದು ಚಕ್ರ ಎಷ್ಟು ಉರುಳಿತು, ಗಾಡಿ ಯಾವ ಕಡೆ ತಿರುಗಿತು ಎಂಬ ಲೆಕ್ಕವನ್ನೂ ಇಡುತ್ತದೆ. ಹಾಗಾಗಿ ಸುರಂಗದಲ್ಲಿ ಉಪಗ್ರಹ ತಪ್ಪಿಹೋದರೂ ಸ್ವಲ್ಪ ದೂರ ಅಂದಾಜು ಹಿಡಿದು ಸಾಗುತ್ತದೆ. ಅದರ ದೊಡ್ಡ ದೋಷವೆಂದರೆ ಮುಪ್ಪು. ಬೆಂಗಳೂರು–ಮೈಸೂರು ಹೆದ್ದಾರಿಯನ್ನೇ ನೋಡಿ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಆ ರಸ್ತೆ ರಾಮನಗರ, ಮದ್ದೂರು, ಮಂಡ್ಯಗಳನ್ನು ಬೈಪಾಸಿನಲ್ಲಿ ಬಳಸಿಕೊಂಡು ಹೋಗುತ್ತದೆ. ಅದಕ್ಕೂ ಮೊದಲಿನ ನಕ್ಷೆಯನ್ನು ಅಪ್‌ಡೇಟ್ ಮಾಡಿಸದಿದ್ದರೆ, ನೀವು ಬೈಪಾಸಿನಲ್ಲಿ ಓಡುತ್ತಿರುವಾಗ ಪರದೆಯ ಮೇಲಿನ ಕಾರು ಕಬ್ಬಿನ ಗದ್ದೆಯಲ್ಲಿರುತ್ತದೆ! ಅಪ್‌ಡೇಟ್ ಎಷ್ಟು ವರ್ಷ ಉಚಿತ, ಆಮೇಲೆ ಎಷ್ಟು ದುಡ್ಡು ಎಂದು ಬರವಣಿಗೆಯಲ್ಲೇ ಕೇಳಿ ಪಡೆಯಿರಿ.

ಗಾರ್ಮಿನ್, ಟಾಮ್‌ಟಾಮ್‌ಗಳಂಥ ಪ್ರತ್ಯೇಕ ಸಾಧನಗಳೂ ಇವೆ. ಕೈಯಲ್ಲಿ ಒಳ್ಳೆಯ ಫೋನಿರುವವರು ಅದಕ್ಕೆ ಬೇರೆ ದುಡ್ಡು ಹಾಕಬೇಕೆಂದು ನನಗನಿಸುವುದಿಲ್ಲ. ಬರೀ ನಕ್ಷೆಗಾಗಿ ಮೇಲಿನ ಮಾಡೆಲ್ ಕೊಳ್ಳುವುದೂ ದುಂದೇ. ಫೋನು ಜೋಡಿಸಬಹುದಾದ ಪರದೆ ಹೆಚ್ಚಿನವರಿಗೆ ಸಾಕು.

ಹಳೆಯ ಕಾರಿನವರಿಗೆ ಗಟ್ಟಿಯಾದೊಂದು ಹೋಲ್ಡರ್, ಒಂದು ಚಾರ್ಜರ್ ಇದ್ದರಾಯಿತು. ಬಿಸಿಲು ಬೀಳುವ ಡ್ಯಾಶ್‌ಬೋರ್ಡಿನ ಮೇಲಿಟ್ಟ ಫೋನು ಕಾದು ಪರದೆ ಮಂಕಾಗುತ್ತದೆ, ಚಾರ್ಜ್ ಆಗುವುದೂ ನಿಲ್ಲಬಹುದು. ಎಸಿ ಗಾಳಿ ಬರುವ ಕಿಂಡಿಯ ಮುಂದೆ ಸಿಕ್ಕಿಸುವುದು ವಾಸಿ. ರಸ್ತೆಯ ನೋಟಕ್ಕಾಗಲಿ ಏರ್‌ಬ್ಯಾಗಿಗಾಗಲಿ ಅಡ್ಡ ಬರಬಾರದು. 2020ರ ಅಕ್ಟೋಬರಿನಿಂದ ಜಾರಿಯಲ್ಲಿರುವ ನಿಯಮದಂತೆ, ಗಾಡಿ ಓಡಿಸುವಾಗ ಫೋನನ್ನು ದಾರಿ ನೋಡಲು ಮಾತ್ರ, ಗಮನ ಕೆಡದಂತೆ ಬಳಸಬಹುದು. ಹೋಗಬೇಕಾದ ಊರನ್ನು ಗಾಡಿ ಸ್ಟಾರ್ಟ್ ಮಾಡುವ ಮೊದಲೇ ಟೈಪ್ ಮಾಡಿಕೊಳ್ಳಿ. ನಡುವೆ ಬದಲಿಸಬೇಕಾದರೆ ಪಕ್ಕದಲ್ಲಿ ಕೂತವರಿಗೆ ಹೇಳಿ.