ಲೇಹ್‌ಗೆ ಇಳಿದ ಮೊದಲ ವಿಮಾನ

ಸಿಂಧೂ ನದಿಯ ಕಣಿವೆಯಲ್ಲಿ, ಸಮುದ್ರಮಟ್ಟದಿಂದ 10,000 ಅಡಿಗೂ ಮಿಗಿಲಾದ ಎತ್ತರದಲ್ಲಿ ಲೇಹ್ ಪಟ್ಟಣವಿದೆ. ಅದು ಲಡಾಖಿನ ಮುಖ್ಯ ಪಟ್ಟಣ. 1948ರ ಮೇ ತಿಂಗಳಿನಲ್ಲಿ ಪಾಕಿಸ್ತಾನದ ಕಡೆಯ ದಾಳಿಕಾರರು ಕಾರ್ಗಿಲ್ಲನ್ನು ಹಿಡಿದು ಲೇಹ್‌ನತ್ತ ಮುನ್ನುಗ್ಗತೊಡಗಿದರು. ಅದನ್ನು ಕಾಯುತ್ತಿದ್ದ ಸೈನಿಕರು ಬಹಳ ಕಡಿಮೆ. ಶ್ರೀನಗರದಿಂದ ನೆರವು ಬರಬೇಕಾದರೆ ಹಿಮ ಕವಿದ ಬೆಟ್ಟಗಳನ್ನು ಕಾಲ್ನಡಿಗೆಯಲ್ಲಿ ದಾಟಬೇಕಾಗಿತ್ತು. ಅಷ್ಟು ಕಾಲಾವಕಾಶವಿರಲಿಲ್ಲ. ಉಳಿದುದು ಆಕಾಶಮಾರ್ಗವೊಂದೇ.

ಆದರೆ ಅಷ್ಟು ಎತ್ತರದ ಸ್ಥಳದಲ್ಲಿ ವಿಮಾನವನ್ನು ಇಳಿಸುವುದು ಸುಲಭದ ಕೆಲಸವಲ್ಲ. ರೆಕ್ಕೆಗಳು ಗಾಳಿಯಲ್ಲಿ ವೇಗವಾಗಿ ಸಾಗುವಾಗ ಉಂಟಾಗುವ ಬಲವೇ ವಿಮಾನವನ್ನು ಎತ್ತಿ ಹಿಡಿಯುತ್ತದೆ. ಲೇಹ್‌ನಲ್ಲಿ ಗಾಳಿಯ ಸಾಂದ್ರತೆಯು ಕಡಲತೀರದಲ್ಲಿರುವುದಕ್ಕಿಂತ ಕಾಲುಭಾಗಕ್ಕೂ ಹೆಚ್ಚು ಕಡಿಮೆ. ಆದುದರಿಂದ ವಿಮಾನವು ಬೀಳದೆ ಹಾರಲು ಹೆಚ್ಚಿನ ವೇಗ ಬೇಕು. ನೆಲ ಮುಟ್ಟಿದ ಮೇಲೆ ನಿಲ್ಲಲು ಹೆಚ್ಚಿನ ದೂರ ಬೇಕು. ಆಮ್ಲಜನಕ ಸಾಲದೆ ಎಂಜಿನ್ನಿನ ಶಕ್ತಿಯೂ ಕುಗ್ಗುತ್ತದೆ. ಇಕ್ಕಟ್ಟಾದ ಕಣಿವೆಯಲ್ಲಿ ಲೆಕ್ಕ ತಪ್ಪಿದರೆ ತಿರುಗಿ ಹೊರಡಲು ಎಡೆಯಿರುವುದಿಲ್ಲ.

ಲಡಾಖಿನವರೇ ಆದ ಎಂಜಿನಿಯರ್ ಸೋನಮ್ ನೊರ್ಬು ಊರ ಜನರ ನೆರವಿನಿಂದ ನದಿಯ ಬಳಿಯ ಬಯಲನ್ನು ಸಮಗೊಳಿಸಿ, ವಿಮಾನ ಇಳಿಯಲು ದಾರಿಯನ್ನು ಸಿದ್ಧಪಡಿಸಿದರು. ಮೇ 24ರಂದು ಏರ್ ಕಮೊಡೋರ್ ಮೆಹರ್ ಸಿಂಗ್ ಎರಡು ಎಂಜಿನ್ನುಗಳ ಡಕೋಟಾ ವಿಮಾನವನ್ನೇರಿ ಶ್ರೀನಗರದಿಂದ ಹೊರಟರು. ಕಾಶ್ಮೀರದಲ್ಲಿ ಸೇನಾ ವಿಭಾಗವೊಂದರ ದಂಡನಾಯಕರಾಗಿದ್ದ, ನಮ್ಮ ಕೊಡಗಿನ ಮೇಜರ್ ಜನರಲ್ ತಿಮ್ಮಯ್ಯನವರು ಅವರ ಜೊತೆಗಿದ್ದರು. ತಮ್ಮ ಸೈನಿಕರು ಸಾಗಬೇಕಾದ ಅಪಾಯದ ದಾರಿಯಲ್ಲಿ ಅವರೇ ಮೊದಲು ಸಾಗಿದರು.

ಒಳಗಿನ ಗಾಳಿಯ ಒತ್ತಡವನ್ನು ಕಾಪಾಡುವ ಏರ್ಪಾಡು ಆ ವಿಮಾನದಲ್ಲಿರಲಿಲ್ಲ. ಸುತ್ತಲೂ ಹಿಮಶಿಖರಗಳು, ಕೆಳಗೆ ಜೋಜಿಲಾ, ಫೋಟುಲಾ ಕಣಿವೆಮಾರ್ಗಗಳು. ಅವುಗಳನ್ನು ದಾಟಿ ಮೆಹರ್ ಸಿಂಗ್ ವಿಮಾನವನ್ನು ಲೇಹ್‌ನ ಮರಳು ನೆಲದ ಮೇಲೆ ಸುರಕ್ಷಿತವಾಗಿ ಇಳಿಸಿದರು. ಅಲ್ಲಿಗೆ ಇಳಿದ ಮೊದಲ ವಿಮಾನವದು. ಅನಂತರದ ದಿನಗಳಲ್ಲಿ ಡಕೋಟಾಗಳು ಅದೇ ದಾರಿಯಲ್ಲಿ ಸೈನಿಕರನ್ನು ಹೊತ್ತು ತಂದವು. ಲೇಹ್ ಶತ್ರುಗಳ ಕೈಸೇರದೆ ಉಳಿಯಿತು.

ಎತ್ತರದಲ್ಲಿ ಗಾಳಿ ಇಂದಿಗೂ ಅಷ್ಟೇ ತೆಳು. ಸಣ್ಣ ಖಾಸಗಿ ವಿಮಾನದಲ್ಲಿ ಪರ್ವತಪ್ರದೇಶಕ್ಕೆ ಹೋಗುವ ಚಾಲಕನು ಮೊದಲು ಹೊರೆಯನ್ನು ತಗ್ಗಿಸುತ್ತಾನೆ. ಬಿಸಿಲೇರಿದಂತೆ ಗಾಳಿ ಇನ್ನಷ್ಟು ತೆಳುವಾಗುವುದರಿಂದ ಮುಂಜಾನೆಯ ತಂಪಿನಲ್ಲಿಯೇ ಹೊರಡುತ್ತಾನೆ. ದಾರಿಯಲ್ಲಿ ಮೋಡ ಕವಿದರೆ ನಾಚಿಕೆಪಡದೆ ಹಿಂದಿರುಗುತ್ತಾನೆ. ಪ್ರಕೃತಿಯ ನಿಯಮವನ್ನು ಅರಿತು ನಡೆಯುವವನ ಸಾಹಸವು ಸಾರ್ಥಕವಾಗುತ್ತದೆ.