ಕ್ಯಾಪ್ ಹಾಕಿಸುವ ಮುನ್ನ ಬಾಯಿ ಬಿಡಿ

ದಂತವೈದ್ಯರ ಕುರ್ಚಿಗೆ ಒರಗಿದ ಮೇಲೆ ರೋಗಿಯ ಮಾತು ಮುಗಿದಂತೆಯೇ. ಚುಚ್ಚುಮದ್ದಿಗೆ ತುಟಿ ಮರಗಟ್ಟಿರುತ್ತದೆ, ದವಡೆಯೊಳಗೆ ಹತ್ತಿ, ಪಕ್ಕದಲ್ಲಿ ಎಂಜಲು ಹೀರುವ ಕೊಳವೆ. ಆ ಹೊತ್ತಿನಲ್ಲಿ "ಜಿರ್ಕೋನಿಯಾ ಕ್ಯಾಪೇ ಹಾಕಿಬಿಡೋಣ ಅಲ್ವಾ?" ಎಂದು ಕೇಳಿದರೆ ಯಾರ ಬಾಯಿಂದಲೂ ಬರುವುದು "ಹ್ಞೂಂ" ಒಂದೇ. ಅದನ್ನು ತಿಳಿದು ಕೊಟ್ಟ ಒಪ್ಪಿಗೆ ಎನ್ನುವುದು ಕಷ್ಟ.

ಒಪ್ಪಿಗೆಗೆ ಇಷ್ಟು ತೂಕ ಬಂದಿರುವುದಕ್ಕೆ ಕಾರಣ ಚಿಕಿತ್ಸೆಯಲ್ಲೇ ಇದೆ. ಕ್ಯಾಪ್ ಕೂರಬೇಕಾದರೆ ಹಲ್ಲನ್ನು ಸುತ್ತಲೂ ತೇಯಬೇಕು. ತೇದ ಎನಾಮಲ್ ಮತ್ತೆ ಬೆಳೆಯುವುದಿಲ್ಲ. ಆಮೇಲೆ ಅಳತೆ ತೆಗೆದು ಲ್ಯಾಬ್‌ಗೆ ಕಳುಹಿಸುತ್ತಾರೆ, ಅಲ್ಲಿಂದ ಬರುವವರೆಗೆ ತಾತ್ಕಾಲಿಕ ಕ್ಯಾಪ್. ಸಾಮಾನ್ಯವಾಗಿ ಎರಡನೇ ಭೇಟಿಯಲ್ಲಿ ಬಣ್ಣದ ಕಾಗದ ಕಚ್ಚಿಸಿ ಎತ್ತರ ನೋಡಿ, ಸಿಮೆಂಟ್ ಹಾಕಿ ಅಂಟಿಸುತ್ತಾರೆ. ಬಣ್ಣ ಹೊಂದಲಿಲ್ಲ, ಕಚ್ಚಿದರೆ ಎತ್ತರ ಎನಿಸುತ್ತದೆ ಎಂದು ಹೇಳಬೇಕಾದ್ದು ಅಂಟಿಸುವ ಮೊದಲು. ಕೆಲವು ದಿನ ಜುಮ್ಮೆನ್ನುವುದು ಸಹಜ, ಕಚ್ಚಿದಾಗಲೆಲ್ಲ ನೋವಾದರೆ ಮರಳಿ ತೋರಿಸಬೇಕು.

ಒಪ್ಪಿಗೆ ಎಂದರೇನು ಎಂಬುದನ್ನು ಸುಪ್ರೀಂ ಕೋರ್ಟ್ 2008ರ ಜನವರಿಯಲ್ಲಿ ಬಿಡಿಸಿ ಹೇಳಿತು. ತಪಾಸಣೆಗೆಂದು ಅರಿವಳಿಕೆ ಪಡೆದಿದ್ದ ದೆಹಲಿಯ ಮಹಿಳೆಯೊಬ್ಬರಿಗೆ, ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶವನ್ನೇ ತೆಗೆಯಲಾಗಿತ್ತು. ಚಿಕಿತ್ಸೆಯ ಸ್ವರೂಪ, ಬದಲಿ ದಾರಿ, ಮುಖ್ಯ ಅಪಾಯ, ಮಾಡಿಸದಿದ್ದರೆ ಏನಾದೀತು ಎಂಬುದನ್ನು ರೋಗಿಗೇ ತಿಳಿಸಬೇಕು, ಒಂದಕ್ಕೆ ಕೊಟ್ಟ ಒಪ್ಪಿಗೆ ಇನ್ನೊಂದಕ್ಕೆ ಸಲ್ಲದು ಎಂದಿತು ಪೀಠ. ತೀರ್ಪು ಬರೆದವರು ಹಿಂದೆ ಕರ್ನಾಟಕ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ವಿ. ರವೀಂದ್ರನ್. ಗರ್ಭಕೋಶಕ್ಕೆ ಹೇಳಿದ್ದು ದವಡೆ ಹಲ್ಲಿಗೂ ಅನ್ವಯಿಸುತ್ತದೆ. ರೂಟ್ ಕೆನಾಲ್‌ಗೆ ಮಾತ್ರ ಒಪ್ಪಿ ಕೂತವರ ಪಕ್ಕದ ಹಲ್ಲನ್ನೂ ತೇಯುವಂತಿಲ್ಲ.

ಇನ್ನು ದುಡ್ಡಿನ ಮಾತು. ಲೋಹ, ಲೋಹದ ಮೇಲೆ ಸೆರಾಮಿಕ್, ಜಿರ್ಕೋನಿಯಾ ಇವುಗಳ ಬೆಲೆಗಳ ನಡುವೆ ಬಹಳ ಅಂತರವಿದೆ. ಬಾಯೊಳಗೆ ಕೂತ ಮೇಲೆ ಕೊನೆಯ ಎರಡರಲ್ಲಿ ಯಾವುದು ಯಾವುದೆಂದು ಸಾಮಾನ್ಯರಿಗೆ ಹೇಳಲಾಗದು. ಹಾಗಾಗಿ ಬಿಲ್ಲಿನಲ್ಲಿ "ಕ್ಯಾಪ್" ಎಂದಷ್ಟೇ ಇದ್ದರೆ ಸಾಲದು, ಯಾವ ವಸ್ತುವಿನದು, ಯಾವ ಹಲ್ಲಿಗೆ ಎಂದೂ ಬರೆಸಿಕೊಳ್ಳುವುದು ಒಳ್ಳೆಯದು. ಲ್ಯಾಬ್ ವಾರಂಟಿ ಕಾರ್ಡ್ ಕೊಡುವ ಕ್ಯಾಪ್ ಆದರೆ ಅದನ್ನೂ ಕೇಳಿ ಪಡೆಯಬೇಕು. ಬಿಲ್ ಕೊಡದಿರುವುದೇ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಅನುಚಿತ ವ್ಯಾಪಾರ ಪದ್ಧತಿ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯೋ, ಕ್ಲಿನಿಕ್ ನೋಂದಣಿಯಾಗಿರಬೇಕು, ದರಪಟ್ಟಿ ಕಾಣುವಂತಿರಬೇಕು ಎನ್ನುತ್ತದೆ.

ಹಣ ಕೊಟ್ಟು ಪಡೆದ ಚಿಕಿತ್ಸೆ ಗ್ರಾಹಕ ಸೇವೆಯೇ ಎಂಬುದು 1995ರಲ್ಲೇ ಸುಪ್ರೀಂ ಕೋರ್ಟಿನಲ್ಲಿ ಇತ್ಯರ್ಥವಾಗಿದೆ. ಯಾರಿಂದಲೂ ಕಾಸು ಪಡೆಯದ ಆಸ್ಪತ್ರೆ ಮಾತ್ರ ಇದರಿಂದ ಹೊರಗೆ.

ಹಾಗೆಂದು ಕ್ಯಾಪ್ ಕಳಚಿಬಿದ್ದ ಮಾತ್ರಕ್ಕೆ ವೈದ್ಯರ ತಪ್ಪಲ್ಲ. ಚಕ್ಕುಲಿ ಕಡಿದು ಒಡೆದುಕೊಂಡವರು ಗ್ರಾಹಕ ಆಯೋಗದ ಮುಂದೆ ಗೆಲ್ಲುವುದು ಕಷ್ಟ. ಸಾಮಾನ್ಯ ವೈದ್ಯರೊಬ್ಬರು ವಹಿಸಬೇಕಾದ ಎಚ್ಚರ ತಪ್ಪಿತೇ ಎಂಬುದು ಅಲ್ಲಿನ ಪ್ರಶ್ನೆ. ಅದಕ್ಕೆ ಹೆಚ್ಚಾಗಿ ಇನ್ನೊಬ್ಬ ದಂತವೈದ್ಯರ ಲಿಖಿತ ಅಭಿಪ್ರಾಯ ಬೇಕಾಗುತ್ತದೆ. ಜಿರ್ಕೋನಿಯಾ ಹಣ ಪಡೆದು ಬೇರೆಯದನ್ನು ಹಾಕಿದ್ದರೆ ಅದು ಬೇರೆಯೇ ಕಥೆ, ಅಲ್ಲಿ ಬಿಲ್ಲೇ ಸಾಕ್ಷಿ ನುಡಿಯುತ್ತದೆ.

ಮೊದಲು ಕ್ಲಿನಿಕ್‌ಗೆ ಬರವಣಿಗೆಯಲ್ಲಿ ದೂರು ಕೊಡಬೇಕು. ಜಗ್ಗದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ. ಮುಂದಿನ ಮೆಟ್ಟಿಲು ಜಿಲ್ಲಾ ಗ್ರಾಹಕ ಆಯೋಗ. ಕ್ಲಿನಿಕ್ ಬೆಂಗಳೂರಿನಲ್ಲಿದ್ದರೂ ಹಾವೇರಿಯಲ್ಲಿ ವಾಸಿಸುವವರು ಹಾವೇರಿಯಲ್ಲೇ ದೂರು ಹಾಕಬಹುದು. ವಕೀಲರು ಕಡ್ಡಾಯವಲ್ಲ. ಪಾವತಿಸಿದ ಹಣ 5 ಲಕ್ಷ ರೂಪಾಯಿಯೊಳಗಿದ್ದರೆ ಶುಲ್ಕವೂ ಇಲ್ಲ.

ಗಡುವು ಮಾತ್ರ ಎರಡು ವರ್ಷ. ಬಿಲ್ಲು, ಎಕ್ಸ್-ರೇಗಳನ್ನು ಅಲ್ಲಿಯವರೆಗಾದರೂ ಜೋಪಾನವಾಗಿಡಿ, ವಾರಂಟಿ ಕಾರ್ಡನ್ನು ಕ್ಯಾಪ್ ಬಾಯಲ್ಲಿರುವಷ್ಟು ಕಾಲ.